ರೋಶನ್ ಎಂದು ಹೆಸರಿಡುವ ಮುನ್ನ

ಗಂಡುಮಗು ಹುಟ್ಟಿದ ಮನೆಯಲ್ಲಿ ಹೆಸರಿನ ಮಾತು ಬಂದಾಗ ಮಣ್ಣಗುಡ್ಡ, ಉರ್ವ, ಬಳ್ಳಾಲ್‌ಬಾಗ್, ಕುದ್ರೋಳಿ ಕಡೆ ಇವತ್ತಿಗೂ ಯಾರಾದರೊಬ್ಬರು ‘ರೋಶನ್ ಆಗಬಹುದಲ್ಲ’ ಎನ್ನುತ್ತಾರೆ. ಆ ಹೆಸರಿನ ಹಿಂದೆ ಡಿಸೋಜ ಬಂದರೂ ಸರಿ, ಶೆಟ್ಟಿ ಬಂದರೂ ಸರಿ, ಪೈ, ಪೂಜಾರಿ, ಅಹ್ಮದ್ ಯಾವುದು ಬಂದರೂ ಕೇಳಿದವರಿಗೆ ವಿಚಿತ್ರ ಎನಿಸುವುದಿಲ್ಲ. ಒಂದು ಪರ್ಷಿಯನ್ ಹೆಸರು ಮೂರೂ ಸಮುದಾಯಗಳ ತೊಟ್ಟಿಲಿಗೆ ಹೀಗೆ ಸಲೀಸಾಗಿ ಒಗ್ಗಿದ ಊರು ಮಂಗಳೂರು. ಆದರೂ ಹೆಸರು ಗೊತ್ತುಮಾಡುವ ಹೊತ್ತಿಗೆ ಅಪ್ಪ ಅಮ್ಮಂದಿರಿಗೆ ಒಳಗೊಳಗೇ ಅಳುಕು. ಇದು ಯಾರ ಹೆಸರು? ಅರ್ಥ ಏನು? ರೋಷಕ್ಕೂ ಇದಕ್ಕೂ ನಂಟಿದೆಯೇ? ಈಗ ಹಳತಾಯಿತೇ? ಭಾಷೆ ಕಲಿಸುವ ಕೆಲಸ ಮಾಡಿಕೊಂಡು ಬಂದವನಾದ್ದರಿಂದ ಈ ಪ್ರಶ್ನೆಗಳು ನನ್ನ ಬಳಿಗೂ ಬರುತ್ತಿರುತ್ತವೆ. ಅಳುಕು ಪಡುವಂಥದ್ದು ಇದರಲ್ಲಿ ಬಹಳ ಕಡಿಮೆ, ತಿಳಿದುಕೊಳ್ಳುವಂಥದ್ದು ಬಹಳ ಇದೆ ಎಂಬುದು ನನ್ನ ಉತ್ತರ.

ಮೊದಲು ಅರ್ಥ. ಪರ್ಷಿಯನ್ ಭಾಷೆಯಲ್ಲಿ ರೋಶನ್ ಎಂದರೆ ಬೆಳಗುತ್ತಿರುವುದು, ಪ್ರಕಾಶಮಾನವಾದದ್ದು. ತಿಳಿಯಾದದ್ದು, ಸ್ಪಷ್ಟವಾದದ್ದು ಎಂಬ ಅರ್ಥವೂ ಅದಕ್ಕಿದೆ. ವಿಷಯ ಮನಸ್ಸಿಗೆ ಹೊಳೆಯಿತು ಎನ್ನುವಾಗಲೂ ಅವರು ಇದೇ ಪದ ಬಳಸುತ್ತಾರೆ. ವಿಚಾರವಂತರಿಗೆ ಇರಾನಿನಲ್ಲಿ ‘ರೋಶನ್‌ಫೆಕ್ರ್’ ಎಂಬ ಮಾತಿದೆ, ಅಂದರೆ ಬೆಳಗಿದ ಚಿಂತನೆಯವರು. ಇದು ಕಾವ್ಯಕ್ಕೆಂದು ಎತ್ತಿಟ್ಟ ಪದವಲ್ಲ, ದಿನಬಳಕೆಯದು. ಸಂಜೆ ಕತ್ತಲಾದಾಗ ತೆಹರಾನಿನ ತಾಯಿ ಮಗನಿಗೆ ‘ಚೆರಾಗ್ ರೋ ರೋಶನ್ ಕೊನ್’ ಎನ್ನುತ್ತಾಳೆ. ದೀಪ ಹಾಕು ಎಂದು ಅದರ ಅರ್ಥ. ಆ ವಾಕ್ಯದಲ್ಲಿರುವ ಚೆರಾಗ್ ನಮ್ಮ ಕಿವಿಗೆ ಬಿದ್ದಿರುವ ಚಿರಾಗ್. ಅದನ್ನು ಮುಂದೆ ನೋಡೋಣ.

ಹುಟ್ಟಿನ ಮಾತಿಗೆ ಬಂದರೆ ವಿಷಯ ಇನ್ನೂ ಸೊಗಸಾಗುತ್ತದೆ. ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ ‘ರಓಕ್ಷ್ನ’ ಎಂದರೆ ಹೊಳೆಯುವ. ಅದು ಮಧ್ಯಕಾಲದ ಪರ್ಷಿಯನ್ನಿನಲ್ಲಿ ‘ರೋಶ್ನ್’ ಆಗಿ, ಆಮೇಲೆ ರೋಶನ್ ಆಯಿತು. ಬೆಹಿಸ್ತುನ್ ಬೆಟ್ಟದ ಬಂಡೆಯ ಮೇಲೆ ದೊರೆ ದಾರಯನು ಕ್ರಿಸ್ತಪೂರ್ವ 6ನೆಯ ಶತಮಾನದ ಕೊನೆಗೆ ಕೆತ್ತಿಸಿದ ಶಾಸನದಲ್ಲಿ ದಿನಗಳ ಲೆಕ್ಕ ಹೇಳಲು ‘ರಓಚಹ್’ ಎಂಬ ಪದ ಬಂದಿದೆ. ಬೆಳಕು ಇರುವ ಹೊತ್ತೇ ದಿನ. ಅದೇ ಪದ ಸವೆದು ರೋಜ್ ಆಯಿತು; ನವರೋಜ್ ಎಂದರೆ ಹೊಸ ದಿನ, ಮುಸ್ಲಿಮರ ಉಪವಾಸಕ್ಕೆ ರೋಜಾ ಎನ್ನುವುದೂ ಅದರಿಂದಲೇ.

ಈಗ ಸಂಸ್ಕೃತದ ಕಡೆ ತಿರುಗಿ. ಅಲ್ಲಿ ‘ರುಚ್’ ಎಂಬ ಧಾತುವಿಗೆ ಹೊಳೆ, ಬೆಳಗು ಎಂದು ಅರ್ಥ. ಇರಾನಿನ ಭಾಷೆಗಳೂ ಸಂಸ್ಕೃತವೂ ಒಂದೇ ಮನೆಯಿಂದ ಕವಲೊಡೆದವಾದ್ದರಿಂದ ಆ ಧಾತುವೂ ಅವೆಸ್ತಾದ ರಓಕ್ಷ್ನವೂ ಒಡಹುಟ್ಟುಗಳು. ರೋಚನ, ರುಚಿರ ಎಲ್ಲ ಇದರ ಸಂತಾನ. ನಾವು ಈಗ ನಾಲಿಗೆಗೆ ಮಾತ್ರ ಮೀಸಲಿಟ್ಟಿರುವ ‘ರುಚಿ’ಗೂ ಮೊದಲಿದ್ದ ಅರ್ಥ ಕಾಂತಿ. ಹೊಳೆಯುವ ಚಿನ್ನ ‘ರುಕ್ಮ’, ಅದರಿಂದ ರುಕ್ಮಿಣಿ. ದೀಪಾವಳಿಯ ರಾತ್ರಿ ತುಳುನಾಡಿನ ಮನೆಗಳು ಕೂಗಿ ಕರೆಯುವ ಬಲಿಯೇಂದ್ರನ ತಂದೆ ವಿರೋಚನ. ಪ್ರಹ್ಲಾದನ ಮಗನಾದ ಆತನ ಹೆಸರಿನಲ್ಲಿರುವುದೂ ಇದೇ ಬೆಳಕು. ಕುಟುಂಬ ಇಲ್ಲಿಗೇ ನಿಲ್ಲುವುದಿಲ್ಲ. ನಮ್ಮಲ್ಲಿ, ಇರಾನಿನಲ್ಲಿ ರಕಾರವಾಗಿದ್ದದ್ದು ಯುರೋಪಿನ ಕಡೆ ಲಕಾರವಾಗಿಯೇ ಉಳಿಯಿತು. ಲ್ಯಾಟಿನ್ನಿನಲ್ಲಿ ಬೆಳಕಿಗೆ ‘ಲುಕ್ಸ್’, ಅದರಿಂದ ಸಂತ ಲೂಸಿಯ ಹೆಸರು. ಇಂಗ್ಲಿಷಿನ ಲೈಟ್ ಕೂಡ ಅದೇ ಬೇರಿನದು. ಹಾಗಾಗಿ ಲೂಸಿಬಾಯಿಯ ಮೊಮ್ಮಗನಿಗೆ ರೋಶನ್ ಎಂದಿಟ್ಟರೂ, ರುಕ್ಮಿಣಿಯಮ್ಮನ ಮೊಮ್ಮಗನಿಗೆ ರೋಶನ್ ಎಂದಿಟ್ಟರೂ ಅಜ್ಜಿಯ ಹೆಸರನ್ನೇ ಇನ್ನೊಂದು ದಾರಿಯಿಂದ ಮನೆಗೆ ಕರೆತಂದಂತೆ. ಮನೆಯ ಹಿರಿಯರಿಗೆ ಇದನ್ನು ಹೇಳಿ ನೋಡಿ. ಹೆಸರು ಹೊರಗಿನದು ಎಂಬ ಬೇಸರ ಅರ್ಧ ಕರಗುತ್ತದೆ.

ಈ ಹೆಸರಿನ ಅತಿ ಹಳೆಯ, ಜಗತ್ಪ್ರಸಿದ್ಧ ಒಡತಿ ಒಬ್ಬ ಹೆಣ್ಣುಮಗಳು. ಅಲೆಕ್ಸಾಂಡರ್ ಕ್ರಿಸ್ತಪೂರ್ವ 327ರಲ್ಲಿ ಮಧ್ಯ ಏಷ್ಯಾದ ಬ್ಯಾಕ್ಟ್ರಿಯಾ ಕಡೆಯ ಸರದಾರ ಓಕ್ಸಿಯಾರ್ಟೀಸನ ಮಗಳನ್ನು ಮದುವೆಯಾದ. ಆಕೆಯ ಹೆಸರನ್ನು ಗ್ರೀಕರು ರೊಕ್ಸಾನೆ ಎಂದು ಬರೆದುಕೊಂಡರು. ಬೆಳಗುವವಳು ಎಂಬ ಇರಾನೀ ಹೆಸರಿನ ಗ್ರೀಕ್ ಉಚ್ಚಾರ ಅದು. ಫಿರ್ದೌಸಿಯ ಶಾಹನಾಮೆಯಲ್ಲಿ ಅವಳೇ ರೋಶನಕ್. ನಮ್ಮ ಇಗರ್ಜಿಗಳಲ್ಲಿ ನಾಮಕರಣವಾಗುವ ರೊಕ್ಸಾನ್, ರೊಕ್ಸಾನಾಗಳೂ ರೋಶನ್‌ನ ಅಕ್ಕತಂಗಿಯರು. ಷಹಜಹಾನನ ಮಗಳು ರೋಶನಾರಾ (1617–1671), ಕಿರಾನಾ ಘರಾಣೆಯ ಗಾಯಕಿ ರೋಶನ್ ಆರಾ ಬೇಗಂ (1917–1982) ಇವರ ಹೆಸರುಗಳಲ್ಲೂ ಮುಂದೆ ನಿಂತಿರುವುದು ಇದೇ ಪದ. ಪಾರ್ಸಿ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬರೀ ರೋಶನ್ ಎಂದು ಕರೆಯುವ ರೂಢಿ ಇದೆ. ನಮ್ಮ ಕಡೆ ಮಾತ್ರ ಇದು ಗಂಡುಮಕ್ಕಳಿಗೇ ನಿಂತುಬಿಟ್ಟಿದೆ, ಹೆಣ್ಣುಮಕ್ಕಳಿಗೆ ರೋಶನಿ. ಪರ್ಷಿಯನ್ನಿನಲ್ಲಿ ನಾಮಪದಕ್ಕೆ ಗಂಡು ಹೆಣ್ಣೆಂಬ ಲಿಂಗಭೇದವೇ ಇಲ್ಲವಾದ್ದರಿಂದ ಎರಡೂ ಸರಿ.

ಪರ್ಷಿಯನ್ ಮಾತು ನಮ್ಮಲ್ಲಿಗೆ ಬಂದದ್ದು ಎರಡು ದಾರಿಯಿಂದ. ಒಂದು ಉತ್ತರದ ನೆಲದ ದಾರಿ. ಕಲಬುರಗಿ, ಬೀದರ್, ವಿಜಯಪುರದ ಅರಸೊತ್ತಿಗೆಗಳು ಪರ್ಷಿಯನ್ನನ್ನು ಆಸ್ಥಾನದ ಭಾಷೆಯಾಗಿ ಬೆಳೆಸಿದವು. ಬಹಮನಿ ದೊರೆ ಫಿರೋಜ್‌ನ ಹೆಸರಿಗೆ ವಿಜಯಿ ಎಂದು ಅರ್ಥ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಸೂಫಿ ಸಂತರನ್ನು ಜನ ಪ್ರೀತಿಯಿಂದ ಕರೆದ ಬಂದೇನವಾಜ್ ಎಂಬುದೂ ಪರ್ಷಿಯನ್ನೇ, ಭಕ್ತರನ್ನು ಪೊರೆಯುವವನು ಎಂದು. ಆ ಕಡೆಯ ಹಳ್ಳಿಗಳಲ್ಲಿ ಬಂದೇನವಾಜ್, ದಸ್ತಗೀರ್ ಎಂಬವು ಇಂದಿಗೂ ಜೀವಂತ ಹೆಸರುಗಳು. ಕರಾವಳಿಯ ನವಾಜ್‌ಗಳ ಹೆಸರೂ ಆ ಬೇರಿನದೇ. ಇನ್ನೊಂದು ಸಮುದ್ರದ ದಾರಿ. ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಹಡಗಿನಲ್ಲಿ ಬಂದು ಇಳಿದದ್ದು ಇದೇ ಮಂಗಳೂರಿನಲ್ಲಿ. ಇಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗಿ, ಕಂಡದ್ದನ್ನೆಲ್ಲ ಪರ್ಷಿಯನ್ನಿನಲ್ಲಿ ಬರೆದಿಟ್ಟ. ಆತ ಬರುವುದಕ್ಕೂ ಮುಂಚಿನಿಂದ ಪರ್ಷಿಯಾ ಕೊಲ್ಲಿಯ ವ್ಯಾಪಾರ ಈ ತೀರಕ್ಕೆ ಹೊಸದಾಗಿರಲಿಲ್ಲ. ನಾವು ದಿನವೂ ಹೇಳುವ ಬಂದರು ಎಂಬ ಪದವೇ ಪರ್ಷಿಯನ್. ಬಂದರ್‌ನ ಹಳೆಯ ಮಸೀದಿಗೆ ಟಿಪ್ಪುವಿನ ಮಗಳಿಂದ ಬಂತೆಂದು ಹೇಳುವ ಜೀನತ್ ಬಕ್ಷ್ ಎಂಬ ಹೆಸರಿನಲ್ಲಿ ಮೊದಲರ್ಧ ಅರಬ್ಬಿ, ಉಳಿದರ್ಧ ಪರ್ಷಿಯನ್.

ಹೀಗೆ ಬಂದ ಹೆಸರುಗಳಲ್ಲಿ ತುಳುನಾಡಿಗೆ ಎಲ್ಲಕ್ಕಿಂತ ಆಪ್ತವಾದದ್ದು ರೋಶನ್ ಅಲ್ಲ, ಗುಲಾಬಿ. ನಮ್ಮ ಬಿಲ್ಲವ, ಬಂಟ, ಮೊಗವೀರ ಮನೆಗಳ ಹಿಂದಿನ ತಲೆಮಾರಿನಲ್ಲಿ ಗುಲಾಬಿ ಎಂಬ ಹೆಸರಿನ ಅಜ್ಜಿಯೋ ದೊಡ್ಡಮ್ಮನೋ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ಭೂತದ ಕೋಲಕ್ಕೆ ಹೂ ಕಟ್ಟಿದವರು, ಮೀನಿನ ಬುಟ್ಟಿ ಹೊತ್ತವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು ಎಷ್ಟೋ ಮಂದಿ ಗುಲಾಬಿಯರು. ಪರ್ಷಿಯನ್ನಿನಲ್ಲಿ ‘ಗುಲ್’ ಹೂವು, ‘ಆಬ್’ ನೀರು. ಗುಲಾಬ್ ಎಂದರೆ ಮೊದಲು ಪನ್ನೀರು, ಆಮೇಲೆ ಆ ಹೂವು. ಆ ಅಜ್ಜಿಯರ ಹೆಸರು ಯಾವ ದೇಶದ್ದು ಎಂದು ಯಾರೂ ಕೇಳಲಿಲ್ಲ, ಕೇಳಬೇಕೆಂದು ಅವರಿಗೂ ಅನಿಸಲಿಲ್ಲ. ಗಿರೀಶ್ ಕಾಸರವಳ್ಳಿಯವರು ವೈದೇಹಿಯವರ ಕಥೆಯನ್ನು ಆಧರಿಸಿ 2008ರಲ್ಲಿ ತೆರೆಗೆ ತಂದ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಅದು. ಆ ಹೆಸರು ಆ ಊರಿನಲ್ಲಿ ಯಾವ ಮನೆಯಲ್ಲಿದ್ದರೂ ಸಹಜ ಎನಿಸುತ್ತಿತ್ತು. ಪರ್ಷಿಯನ್ ಹೆಸರು ನಮ್ಮ ಮನೆಗೆ ಹೊಂದುತ್ತದೆಯೇ ಎಂದು ಕೇಳುವ ಯುವ ತಂದೆತಾಯಿಗೆ ನಾನು ಕೊಡುವ ಮೊದಲ ಉತ್ತರ ಈ ಗುಲಾಬಿಯರೇ.

ಇನ್ನು ರೋಶನ್ ಇಷ್ಟು ಹಬ್ಬಿದ್ದೇಕೆ ಎಂಬುದು. ಒಂದೊಂದು ಸಮುದಾಯದಲ್ಲಿ ಒಂದೊಂದು ಕಾರಣ, ಎಲ್ಲವೂ ಒಂದೇ ಹೆಸರಿಗೆ ಬಂದು ಕೂಡಿದವು ಎಂದು ನನ್ನ ತಿಳಿವಳಿಕೆ.

ಕೆಥೋಲಿಕರಲ್ಲಿ ಹಿಂದೆ ಜ್ಞಾನಸ್ನಾನಕ್ಕೆ ಸಂತರ ಹೆಸರು ಬೇಕಿತ್ತು. 1917ರ ಧರ್ಮಸಭೆಯ ಕಾನೂನಿನ 761ನೆಯ ನಿಯಮದಂತೆ ಮಗುವಿಗೆ ಕ್ರೈಸ್ತ ಹೆಸರು ಇಡುವಂತೆ ಪಾದ್ರಿಗಳು ನೋಡಿಕೊಳ್ಳಬೇಕು, ಪೋಷಕರು ಒಪ್ಪದಿದ್ದರೆ ಅವರ ಹೆಸರಿನ ಜೊತೆ ಸಂತರ ಹೆಸರೊಂದನ್ನು ಸೇರಿಸಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ನಡೆದ ಮೇಲೆ ಸ್ಥಳೀಯ ಭಾಷೆ, ಸ್ಥಳೀಯ ಸಂಸ್ಕೃತಿಗೆ ಇಗರ್ಜಿಯ ಬಾಗಿಲು ತೆರೆಯಿತು. 1983ರ ಹೊಸ ಕಾನೂನಿನ 855ನೆಯ ನಿಯಮ ಕೇಳುವುದು ಇಷ್ಟನ್ನೇ: ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು. ಆಗ ಭಾರತೀಯ ಹೆಸರು ಬೇಕು, ಆದರೆ ದೇವತೆಯ ಹೆಸರಾಗಿರಬಾರದು ಎಂದುಕೊಂಡ ಮನೆಗಳಿಗೆ ಬೆಳಕು ಎಂಬ ಅರ್ಥದ ಹೆಸರು ಹೇಳಿ ಮಾಡಿಸಿದಂತಿತ್ತು. ಕ್ರಿಸ್ತನನ್ನು ಜಗದ ಬೆಳಕು ಎಂದು ಕರೆಯುವ ಧರ್ಮಕ್ಕೆ ಅದರಲ್ಲಿ ತಡೆ ಏನಿದೆ? ಮಂಗಳೂರಿನಲ್ಲಿ ಇದಕ್ಕೂ ಮೊದಲೇ ಒಂದು ಮೇಲ್ಪಂಕ್ತಿ ಬಿದ್ದಿತ್ತು. 1960ರಲ್ಲಿ ‘ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ’ ಸಂಸ್ಥೆಯ ಭಗಿನಿಯರು ಸಮಾಜಕಾರ್ಯ ಕಾಲೇಜನ್ನು ತೆರೆದಾಗ ಅದಕ್ಕಿಟ್ಟ ಹೆಸರು ರೋಶನಿ ನಿಲಯ. ಮೊದಲ ಪದ ಪರ್ಷಿಯನ್, ಎರಡನೆಯದು ಸಂಸ್ಕೃತ, ಇಟ್ಟವರು ಕ್ರೈಸ್ತ ಸನ್ಯಾಸಿನಿಯರು. ಈ ಊರಿನ ಸ್ವಭಾವವನ್ನು ಇಷ್ಟು ಚೆನ್ನಾಗಿ ಹೇಳುವ ಇನ್ನೊಂದು ನಾಮಫಲಕ ನನಗೆ ಕಾಣುವುದಿಲ್ಲ.

ಹಿಂದೂ ಮನೆಗಳಲ್ಲಿ ಕೆಲಸ ಮಾಡಿದ್ದು ಪಂಚಾಂಗ. ಜನ್ಮನಕ್ಷತ್ರದ ಪಾದಕ್ಕೊಂದು ಅಕ್ಷರ ಹೇಳುವ ಅವಕಹಡಾ ಚಕ್ರದಲ್ಲಿ ಸ್ವಾತಿಯ ನಾಲ್ಕು ಪಾದಗಳಿಗೆ ರು, ರೆ, ರೋ, ತ. ಸ್ವಾತಿ ಮೂರನೆಯ ಪಾದದಲ್ಲಿ ಮಗು ಹುಟ್ಟಿದರೆ ಜೋಯಿಸರು ‘ರೋ’ ಎನ್ನುತ್ತಾರೆ. ಆ ಅಕ್ಷರಕ್ಕೆ ಹೆಸರು ಹುಡುಕಲು ಕುಳಿತವರಿಗೆ ಗೊತ್ತು, ದಾರಿ ಎಷ್ಟು ಕಿರಿದು ಎಂದು. ಗಂಡಾದರೆ ರೋಹಿತ್, ರೋಹನ್, ರೋಹಿತಾಶ್ವ, ಹೆಣ್ಣಾದರೆ ರೋಹಿಣಿ. ಆದರೆ ಸ್ವಾತಿಯಲ್ಲಿ ಹುಟ್ಟಿದವಳಿಗೆ ಇನ್ನೊಂದು ನಕ್ಷತ್ರದ ಹೆಸರೇಕೆ ಎಂದು ಅಜ್ಜಿಯ ತಕರಾರು. ರೋಮಶ ಮಹರ್ಷಿ ಇದ್ದಾರೆ, ಶಾಲೆಗೆ ಹೋಗುವ ಹುಡುಗನಿಗೆ ಆ ಹೆಸರು ಯಾರೂ ಇಡರು. ಅಲ್ಲಿಗೆ ರೋಶನ್, ರೋಶನಿ ಬಂದು ಖಾಲಿ ಜಾಗ ತುಂಬಿದರು. ನಾಮಕರಣದ ದಿನ ಅಕ್ಕಿಯ ಮೇಲೆ ಬರೆಯುವುದು ಒಂದು ಹೆಸರು, ವ್ಯವಹಾರಕ್ಕೆ ಇನ್ನೊಂದು ಎಂಬ ಅನುಕೂಲವೂ ನಮ್ಮಲ್ಲಿದೆ. ಸಂಕಲ್ಪಕ್ಕೆ ಸಂಸ್ಕೃತ ಹೆಸರೇ ಇರಲಿ ಎನ್ನುವ ಪುರೋಹಿತರಿದ್ದರೆ ನಕ್ಷತ್ರನಾಮ ಬೇರೆ ಇಟ್ಟು ಕರೆಯುವ ಹೆಸರು ರೋಶನ್ ಎಂದರಾಯಿತು. ಇಷ್ಟಕ್ಕೆ ಮನೆಯಲ್ಲಿ ಮನಸ್ತಾಪ ಬೇಕಿಲ್ಲ.

ಸಿನಿಮಾದ ಪಾಲೂ ಇದೆ. ಹಿಂದಿ ಸಂಗೀತ ನಿರ್ದೇಶಕ ರೋಶನ್ (1917–1967) ಅವರ ಪೂರ್ಣ ಹೆಸರು ರೋಶನ್ ಲಾಲ್ ನಾಗ್ರಥ್. ಅವರ ಮಕ್ಕಳು ರಾಕೇಶ್, ರಾಜೇಶ್ ಅಪ್ಪನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಮೊಮ್ಮಗ ಹೃತಿಕ್‌ನ ಮೊದಲ ಚಿತ್ರ 2000ದ ಜನವರಿಯಲ್ಲಿ ಬಿಡುಗಡೆಯಾದಾಗ ಈ ಹೆಸರು ದೇಶದ ಮನೆಮನೆಯ ಮಾತಾಯಿತು. ಕ್ರಿಕೆಟ್ ನೋಡುವವರಿಗೆ ಅದಕ್ಕಿಂತ ಮೊದಲೇ ಪರಿಚಯ: 1997ರಲ್ಲಿ ಕೊಲಂಬೊದಲ್ಲಿ ಭಾರತದ ವಿರುದ್ಧ ಜಯಸೂರ್ಯನ ಜೊತೆ 576 ರನ್ನುಗಳ ಜೊತೆಯಾಟ ಆಡಿದ ರೋಶನ್ ಮಹಾನಾಮ. ಸಿಂಹಳದ ಬೌದ್ಧರ ಮನೆಗೂ ಈ ಹೆಸರು ಹೋಗಿದೆ ಎಂಬುದಕ್ಕೆ ಸಾಕ್ಷಿ ಅವರು.

ಮುಸ್ಲಿಮರಿಗೆ ಇದು ಉರ್ದುವಿನ ಮೂಲಕ ಬಂದ ಮನೆಮಾತೇ. ಹೆಸರು ಅರಬ್ಬಿಯದೇ ಆಗಿರಬೇಕು ಎಂದು ಕೆಲವರು ಈಚೆಗೆ ಸಂಶಯಪಡುವುದುಂಟು. ಹೆಸರಿನ ಅರ್ಥ ಒಳ್ಳೆಯದಿರಬೇಕು ಎಂಬುದೇ ಮುಖ್ಯ ಎನ್ನುವ ಹಿರಿಯ ಉಸ್ತಾದರ ಮಾತು ಇಲ್ಲಿ ಸಾಕು. ಶಹನಾಜ್, ಪರ್ವೀನ್, ಫಿರೋಜ್, ಗುಲ್ನಾಜ್ ಎಲ್ಲರೂ ಪರ್ಷಿಯನ್ನಿನ ಮಕ್ಕಳೇ.

ಹಾಗಾದರೆ ‘ಇದು ಮುಸ್ಲಿಮರ ಹೆಸರಲ್ಲವೇ’ ಎಂಬ ಪ್ರಶ್ನೆಗೆ? ಪದ ಇಸ್ಲಾಮಿಗಿಂತ ಸಾವಿರ ವರ್ಷಕ್ಕೂ ಹಳೆಯದು ಎಂಬುದು ಮೊದಲ ಉತ್ತರ. ಯಾವ ಧರ್ಮದ ಶಾಸ್ತ್ರಕ್ಕೂ ಅಂಟಿಕೊಳ್ಳದ, ಬರೀ ಬೆಳಕು ಎಂಬ ಅರ್ಥ ಅದರದು ಎಂಬುದು ಎರಡನೆಯದು. ಮೂರನೆಯದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕೇಳಿದವರು ಅಚ್ಚರಿಪಡುತ್ತಾರೆ. ಅಪ್ಪಟ ಸಂಸ್ಕೃತ ಹೆಸರು ಬೇಕೆಂದು ಎಷ್ಟೋ ಪೋಷಕರು ಮಿಹಿರ್ ಎಂದಿಡುತ್ತಾರೆ, ಸೂರ್ಯ ಎಂಬ ಅರ್ಥಕ್ಕೆ. ವೇದಕ್ಕೆ ಗೊತ್ತಿದ್ದದ್ದು ಮಿತ್ರ. ಇರಾನಿನ ಕಡೆ ಅದೇ ದೇವತೆ ಮಿಥ್ರ. ಮಧ್ಯಕಾಲದ ಪರ್ಷಿಯನ್ನಿನಲ್ಲಿ ಅವನು ಮಿಹ್ರ್ ಆದ. ಆ ಮಿಹ್ರ್ ಮತ್ತೆ ನಮ್ಮಲ್ಲಿಗೆ ಬಂದು ಸಂಸ್ಕೃತದ ಮಿಹಿರ ಆಯಿತು. 6ನೆಯ ಶತಮಾನದ ಜ್ಯೋತಿಷಿ ವರಾಹಮಿಹಿರರ ಹೆಸರಿನಲ್ಲಿ ಇರುವುದು ಈ ಇರಾನೀ ಸೂರ್ಯನೇ. ನಮ್ಮದೆಂದು ಇಟ್ಟ ಮಿಹಿರ್ ಅಲ್ಲಿಂದ ಬಂದವನು. ಹೊರಗಿನದೆಂದು ಹಿಂಜರಿಯುವ ರೋಶನ್ ರುಕ್ಮಿಣಿಯ ಒಡಹುಟ್ಟು. ಹೆಸರಿನ ಪುಸ್ತಕಗಳೂ ಮೊಬೈಲಿನ ಆ್ಯಪ್‌ಗಳೂ ರೋಶನ್‌ಗೆ ‘ಸಂಸ್ಕೃತ’ ಎಂದೋ ‘ಅರೇಬಿಕ್’ ಎಂದೋ ಕಣ್ಣು ಮುಚ್ಚಿ ಅಚ್ಚುಹಾಕಿರುತ್ತವೆ. ಎರಡೂ ತಪ್ಪು. ಯಾವ ಹೆಸರಿಟ್ಟರೂ ಒಂದು ಒಳ್ಳೆಯ ನಿಘಂಟು ನೋಡಿಯೋ, ಭಾಷೆ ಬಲ್ಲವರನ್ನು ಕೇಳಿಯೋ ಇಡಿ.

ಪೋಷಕರ ಪ್ರಶ್ನೆಗಳಲ್ಲಿ ನಿಜಕ್ಕೂ ತೂಕವಿರುವುದು ರೋಷದ ಪ್ರಶ್ನೆಗೆ. ಇದು ಅಕ್ಷರದ ಸಮಸ್ಯೆ. ಪರ್ಷಿಯನ್ನಿನ ಶಕಾರ ನಮ್ಮ ‘ಶ’ಕ್ಕೆ ಹತ್ತಿರ. ನಾವು ಮಾತಿನಲ್ಲಿ ಶ, ಷಗಳನ್ನು ಅಷ್ಟಾಗಿ ಬೇರ್ಪಡಿಸುವುದಿಲ್ಲವಾದ್ದರಿಂದ ಬರೆಯುವಾಗ ಹಲವರು ರೋಷನ್ ಎಂದು ಬರೆಯುತ್ತಾರೆ. ಆಗ ಕಣ್ಣಿಗೆ ಕಾಣುವುದು ರೋಷ, ಅಂದರೆ ಸಿಟ್ಟು. ಸಂಸ್ಕೃತದಲ್ಲಿ ‘ರುಷ್’ ಬೇರೆಯೇ ಧಾತು, ಸಿಡುಕುವುದಕ್ಕೆ. ಅದರಿಂದ ‘ರೋಷಣ’ ಎಂದರೆ ಕೋಪಿಷ್ಠ ಎಂಬ ಪದವೂ ಇದೆ. ರೋಶನ್‌ಗೂ ಅದಕ್ಕೂ ಯಾವ ರಕ್ತಸಂಬಂಧವೂ ಇಲ್ಲ, ಬರೆಯುವ ಕೈ ಮಾತ್ರ ಎರಡನ್ನೂ ಬೆಸೆಯುತ್ತದೆ. ಹಾಗಾಗಿ ಹೊಸದಾಗಿ ಹೆಸರಿಡುವವರು ಶಂಕರನ ‘ಶ’ ಹಾಕಿ ರೋಶನ್ ಎಂದೇ ಬರೆಸಿ. ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕು. ರೋಶನಿ, ರೋಶ್ನಿ ಎರಡೂ ಬೆಳಕೇ. ತಮಿಳು, ತೆಲುಗಿನ ಪ್ರಭಾವದಿಂದ ನಡುವೆ ಇಕಾರ ಸೇರಿ ರೋಶಿನಿ ಆದರೂ ಅಡ್ಡಿಯಿಲ್ಲ. ಆದರೆ ಅದನ್ನೇ ಚೆಂದ ಮಾಡಲು ಹೋಗಿ ರೋಷಿಣಿ ಎಂದು ಬರೆದರೆ ಸಂಸ್ಕೃತ ಬಲ್ಲವರ ಕಣ್ಣಿಗೆ ಅದು ಸಿಟ್ಟಿನವಳು. ರೋಹಿಣಿ, ಮೋಹಿನಿಗಳ ಹಾಗೆ ಕೇಳಿಸಲಿ ಎಂಬ ಆಸೆಗೆ ಇಷ್ಟು ದೊಡ್ಡ ಬೆಲೆ ಬೇಡ. ಕೊಂಕಣಿ ಬರಹದಲ್ಲಿ ಹ್ರಸ್ವ ಹಾಕಿ ರೊಶನ್ ಎಂದು ಬರೆಯುವವರಿದ್ದಾರೆ, ಅದು ಆ ಭಾಷೆಯ ಕ್ರಮ. ಕನ್ನಡದ ದಾಖಲೆಯಲ್ಲಿ ದೀರ್ಘ ಇರಲಿ.

ಹೆಸರು ಹಳತಾಯಿತೇ? ಅಮೆರಿಕದಲ್ಲಿ 1880ರಿಂದ ಈಚೆಗೆ ಹುಟ್ಟಿದವರ ಹೆಸರುಗಳಲ್ಲಿ ಯಾವುದು ಎಷ್ಟನೆಯ ಸ್ಥಾನದಲ್ಲಿದೆ ಎಂದು ಸರಕಾರವೇ ವರ್ಷವರ್ಷ ಪ್ರಕಟಿಸುತ್ತದೆ. ನಮ್ಮಲ್ಲಿ ಅಂಥ ಪಟ್ಟಿ ಇಲ್ಲ, ಆದರೆ ಅದಕ್ಕೆ ಹತ್ತಿರದ ಒಂದು ಕನ್ನಡಿ ಎಲ್ಲರ ಕೈಗೆ ಸಿಗುತ್ತದೆ: ಮತದಾರರ ಪಟ್ಟಿ. ನಿಮ್ಮ ಮತಗಟ್ಟೆಯ ಪಟ್ಟಿ ತೆರೆದು ಹೆಸರಿನ ಪಕ್ಕದಲ್ಲಿರುವ ವಯಸ್ಸನ್ನು ನೋಡುತ್ತ ಹೋಗಿ. ಒಂದು ಹೆಸರು ಯಾವ ತಲೆಮಾರಿಗೆ ಸೇರಿದ್ದು ಎಂದು ಅರ್ಧ ಗಂಟೆಯಲ್ಲಿ ಹೊಳೆದುಬಿಡುತ್ತದೆ. ಗುಲಾಬಿ, ಗಿರಿಜಾ, ಲೂಸಿ, ಸಿಸಿಲಿಯಾ ಅಜ್ಜಿಯಂದಿರ ಸಾಲು. ರೋಶನ್ ಕಾಣಿಸುವುದು ಈಗ ಮಕ್ಕಳನ್ನು ಶಾಲೆಗೆ ಬಿಡುವ ವಯಸ್ಸಿನವರಲ್ಲಿ, ರಾಜೇಶ್, ಸಂತೋಷ್, ಪ್ರವೀಣರ ಪಕ್ಕ. ಇಂದಿನ ಅಂಗನವಾಡಿಯ ಹಾಜರಿಯಲ್ಲಿ ಅದು ಅಪರೂಪ. ಅಲ್ಲಿ ಆರವ್, ವಿಹಾನ್, ಅಯಾನ್‌ಗಳ ಕಾಲ. ಇದನ್ನು ಕುಂದು ಎಂದು ನಾನು ಭಾವಿಸುವುದಿಲ್ಲ. ಎಲ್ಲರಿಗೂ ಪರಿಚಿತವಾಗಿದ್ದು ತರಗತಿಯಲ್ಲಿ ಇನ್ನೊಬ್ಬರಿಗಿಲ್ಲದ ಹೆಸರು ಸಿಗುವುದು ಸುಲಭವಲ್ಲ. ಟೀಚರಿಗೆ ಹೇಳಿಕೊಡಬೇಕಿಲ್ಲ, ರಿಕ್ಷಾದವರಿಗೆ, ಬ್ಯಾಂಕಿನವರಿಗೆ ಎರಡು ಸಲ ಹೇಳಬೇಕಿಲ್ಲ.

ಇದೇ ಬೆಳಕಿನ ಇನ್ನೊಂದು ಪರ್ಷಿಯನ್ ಹೆಸರಾದರೂ ಕಿವಿಗೆ ಸ್ವಲ್ಪ ಹೊಸದು ಬೇಕೆನ್ನುವವರಿಗೆ ಚಿರಾಗ್ ಇದೆ. ಅರ್ಥ ದೀಪ. ಮುಂಬಯಿಯ ತುಳು ಮನೆತನದ ಚಿರಾಗ್ ಶೆಟ್ಟಿ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಸಾತ್ವಿಕ್‌ಸಾಯಿರಾಜ್ ಜೊತೆ 2022ರ ಕಾಮನ್‌ವೆಲ್ತ್ ಚಿನ್ನ, 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ಮೇಲೆ ಆ ಹೆಸರಿಗೆ ನಮ್ಮ ಕಡೆ ವಿಶೇಷ ಪ್ರೀತಿ. ಅರಬ್ಬಿಯ ಸಿರಾಜ್ ಕೂಡ ಇದೇ ಪದ ಅರಾಮಿಕ್ ಭಾಷೆಯ ಮೂಲಕ ಹಾದು ಪಡೆದ ರೂಪ. ಕ್ರಿಕೆಟಿನ ಸಿರಾಜ್, ಬ್ಯಾಡ್ಮಿಂಟನ್ನಿನ ಚಿರಾಗ್ ಇಬ್ಬರ ಹೆಸರೂ ಒಂದೇ ದೀಪ. ಗುರ್ಜಿಗೆ ದೀಪ ಹಚ್ಚಿ ಹಬ್ಬ ಮಾಡುವ ಮಣ್ಣಗುಡ್ಡಕ್ಕೆ ಇಂಥ ಹೆಸರುಗಳು ಹೊರಗಿನವು ಎನಿಸಲು ಕಾರಣ ನನಗಂತೂ ತೋಚದು.

ಗಲ್ಫಿಗೋ ಬೇರೆ ದೇಶಕ್ಕೋ ಮಗು ಹೋಗಬಹುದು ಎಂದು ಯೋಚಿಸುವವರೂ ನಮ್ಮಲ್ಲಿ ಬಹಳ. ರೋಶನ್ ಅಲ್ಲಿ ತೊಡಕಾಗದು. ಇರಾನಿನವರು ಅದನ್ನು ರೊವ್‌ಶನ್ ಎಂದಾರು, ಉಜ್ಬೆಕ್‌ನವರು ರವ್‌ಶನ್, ಅಜರ್‌ಬೈಜಾನಿನವರು ರೋವ್‌ಶನ್, ತುರ್ಕಿಯವರು ರೂಶೆನ್. ಎಲ್ಲ ಕಡೆಯೂ ಅದು ಹೆಸರೇ, ಅರ್ಥವೂ ಅದೇ. ಇಂಗ್ಲಿಷ್ ಮಾತಾಡುವವರಿಗೂ ನಾಲಿಗೆ ತಡವರಿಸುವ ಅಕ್ಷರ ಅದರಲ್ಲಿಲ್ಲ.

ಕೊನೆಗೆ ದಾಖಲೆ. ಇಲ್ಲಿ ಅವಸರ ಮಾಡಬೇಡಿ, ಅಸಡ್ಡೆಯನ್ನೂ ಮಾಡಬೇಡಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರು ಆಗಲೇ ಗೊತ್ತಾಗಿರಬೇಕೆಂದಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಲು ಅವಕಾಶ ಇದೆ. ಹಾಗಾಗಿ ಆಸ್ಪತ್ರೆಯ ಮಂಚದ ಬಳಿ ಯಾರೋ ಅರ್ಜಿ ಹಿಡಿದು ನಿಂತರೆಂದು ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಬರೆಸಬೇಡಿ. ನಾಮಕರಣವೋ ಬಾರಸೆಯೋ ಜ್ಞಾನಸ್ನಾನವೋ ಮುಗಿಯಲಿ, ಮನೆಯವರ ಬಾಯಿಗೆ ಹೆಸರು ರೂಢಿಯಾಗಲಿ. ಕಾನೂನಿನ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಆ ದಿನ ಮತ್ತು ಆನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಮದುವೆ ನೋಂದಣಿ ಎಲ್ಲಕ್ಕೂ ಹುಟ್ಟಿದ ದಿನ, ಊರಿನ ಪುರಾವೆ ಜನನ ಪ್ರಮಾಣಪತ್ರ ಒಂದೇ. ಅದರಲ್ಲಿ ಹೇಗೆ ಬರೆದಿರುತ್ತದೋ ಹಾಗೆಯೇ ಮುಂದಿನ ಎಲ್ಲ ಕಾಗದಗಳೂ ನಡೆಯುತ್ತವೆ.

ಅರ್ಜಿ ಕೊಡುವಾಗ ಹೆಸರನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿಯಲ್ಲಿ ದುಂಡಗೆ ಬರೆದು ಕೊಡಿ. ಅಚ್ಚು ಹಾಕುವ ಮೊದಲು ತೋರಿಸಿದರೆ ಶ, ಷ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಆರ್, ಓ, ಎಸ್, ಎಚ್, ಎ, ಎನ್ ಎಂಬ ಆರು ಅಕ್ಷರ ಸಾಕು. ಸಂಖ್ಯಾಶಾಸ್ತ್ರದವರು ಕೊನೆಗೊಂದು ಎನ್ ಸೇರಿಸಿ, ನಡುವೆ ಯು ಹಾಕಿ ಎಂದಾರು. ನಂಬಿಕೆ ನಿಮಗೆ ಬಿಟ್ಟದ್ದು. ಸೇರಿಸುವುದಾದರೆ ಮೊದಲ ದಿನವೇ ಸೇರಿಸಿ, ಆಧಾರಿಗೊಂದು, ಶಾಲೆಗೊಂದು, ಇಗರ್ಜಿಯ ಪುಸ್ತಕಕ್ಕೊಂದು ಎಂದಾಗದಿರಲಿ. ಹತ್ತನೆಯ ತರಗತಿಯ ಅಂಕಪಟ್ಟಿ ಬರುವ ಹೊತ್ತಿಗೆ ಆ ಒಂದು ಅಕ್ಷರಕ್ಕಾಗಿ ಪಾಲಿಕೆಗೂ ನೋಟರಿಗೂ ಅಲೆಯುವುದು ಪೋಷಕರೇ.

ಈಗಾಗಲೇ ರೋಷನ್ ಎಂದು ಎಲ್ಲ ಕಡೆ ದಾಖಲಾಗಿರುವ ಮಕ್ಕಳಿದ್ದರೆ ಇದನ್ನು ಓದಿ ತಿದ್ದಿಸಲು ಓಡಬೇಡಿ. ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇದ್ದರೆ ಅದೇ ಅವರ ಹೆಸರು. ನನ್ನ ಹೆಸರಿಗೆ ಸಿಟ್ಟು ಎಂದು ಅರ್ಥವೇ ಎಂದು ಮಗ ಶಾಲೆಯಿಂದ ಬಂದು ಕೇಳಿದರೆ ರುಕ್ಮಿಣಿ, ಲೂಸಿ, ರೊಕ್ಸಾನಾ, ವಿರೋಚನರ ಕಥೆ ಹೇಳಿ.